ನನ್ನ ಮ್ಯಾಲೆ ಕೆಮ್ಮಿದ್ಳು

ತನ್ನದೇ ಅಂಗೈ ರೊಟ್ಟಿ ಬಡಿಯುವ ಸಪ್ಪಳ, ಆದರೂ ಗದ್ದೆಮ್ಮ ಪ್ರತಿ ಬಡಿತಕ್ಕೂ ಬೆಚ್ಚುತ್ತಾಳೆ, ಹಿಟ್ಟಿನ ಅಂಚು ಸೀಳುತ್ತದೆ, ಒಳಕೋಣೆಯಿಂದ ಗಂಡ ಪಕೀರಪ್ಪ ಕೇಳುತ್ತಾನೆ, ಹಸಿವಾಗೇದ, ರೊಟ್ಟಿ ಆತೇನು — ಐದು ದಿನದ ಜ್ವರ ಇವತ್ತೇ ಇಳಿದಿದೆ, ಐದು ದಿನವೂ ಅವನ ಕೆಮ್ಮಿನ ಮೇಲೆ ಕೌದಿ ಹೊದಿಸಿ ಮುಚ್ಚಿದ್ದಳು, ಓಣಿಗೆ ಗೊತ್ತಾದರೆ ದೇವದುರ್ಗದಿಂದ ಆಸ್ಪತ್ರೆ ಗಾಡಿ ಬರುತ್ತದೆ, ಬಿಳಿ ಕವಚ ತೊಟ್ಟವರು ಕೂರಿಸಿಕೊಂಡು ಹೋಗುತ್ತಾರೆ, ಹೋದ ವಾರ ಹಾಗೆ ಹೋದ ಎದುರುಮನೆ ಹಂಪಯ್ಯ ಮರಳಲಿಲ್ಲ, ಹೆಣದ ಮುಖವನ್ನೂ ಯಾರೂ ನೋಡಲಿಲ್ಲ, ಅದಕ್ಕೇ ಮುಂಜಾನೆ ಮುಖಕ್ಕೆ ಸೆರಗು ಕಟ್ಟಿ ಯಾರ ಕಣ್ಣನ್ನೂ ನೋಡದೆ ನಳಕ್ಕೆ ಹೋಗಿದ್ದಳು, ಅಲ್ಲಿ ಪಕ್ಕದ ಮನೆಯ ಹನುಮಂತಮ್ಮ ದೂರ ನಿಂತಿದ್ದಳು, ಅವಳ ಗಂಡ ಜಗದೀಶ ಶಕ್ತಿನಗರದ ಗುತ್ತಿಗೆ ಕೆಲಸ ನಿಂತು ನಡೆದುಕೊಂಡು ಊರು ಸೇರಿದಾಗಿನಿಂದ, ರೋಗ ತಂದಿದ್ದಾನೆಂಬ ಅಂಜಿಕೆಗೆ, ನಳದಲ್ಲಿ ಅವಳಿಗೆ ಕೊನೆಯ ಸರದಿ — ಹನುಮಂತಮ್ಮ, ಮಸರಕಲ್ ಹೊಲಗಳಲ್ಲಿ ಹತ್ತು ವರ್ಷ ಪಕ್ಕದ ಸಾಲಿನಲ್ಲಿ ಹತ್ತಿ ಬಿಡಿಸಿದವಳು, ಗದ್ದೆಮ್ಮನ ಬೆರಳು ಸೀಳಿದಾಗ ತನ್ನ ಸೀರೆ ಹರಿದು ಕಟ್ಟಿದವಳು, ಅವಳು ಕೇಳಿದಳು, ಮೆಲ್ಲಗೆ ಕೇಳಬಾರದಿತ್ತೇ, ಇಡೀ ಓಣಿಗೆ ಕೇಳುವಂತೆ, ಗದ್ದೆಮ್ಮ, ಅಣ್ಣನ ಕೆಮ್ಮು ಹೆಂಗದ ಬೇ, ಗ್ವಾಡಿ ಆಚಿ ಕೇಳಸ್ತದ, ನಮ್ಮನ್ಯಾಗ ಗುಳಿಗಿ ಅದಾವ, ತಂದು ಕೊಡ್ಲೇನು — ಹೆಂಗಸರೆಲ್ಲ ತಿರುಗಿದರು, ಗದ್ದೆಮ್ಮನ ಹಿತ್ತಾಳೆ ಕೊಡ ತಾನಾಗಿ ಎದ್ದಿತು, ಅಲ್ಲ, ಅವಳೇ ಎತ್ತಿದ್ದು, ಎರಡೂ ಕೈಯಲ್ಲಿ ಹಿಡಿದು ಹನುಮಂತಮ್ಮನ ಬಾಯಿಯ ಮೇಲೇ ಬೀಸಿದ್ದು, ಆ ಬಾಯಿಂದ ಇನ್ನೊಂದು ಮಾತು ಬರಬಾರದಿತ್ತು, ಓಣಿ ಕಾಯಲು ಕೋಲು ಹಿಡಿದು ನಿಂತಿದ್ದ ಬೂದೆಪ್ಪ ಓಡಿ ಬಂದ, ಏನ್ ಮಾಡಿದ್ಳಾಕಿ, ನನ್ನ ಮ್ಯಾಲೆ ಕೆಮ್ಮಿದ್ಳು ಅಂದಳು ಗದ್ದೆಮ್ಮ, ಬೇಕಂತನ ಕೆಮ್ಮಿದ್ಳು, ಅಷ್ಟೇ ಸಾಕಾಯಿತು, ಬೂದೆಪ್ಪನ ಕೋಲು ಬೆನ್ನಿಗೆ, ಭುಜಕ್ಕೆ, ಮತ್ತೆ ಬೆನ್ನಿಗೆ, ಮುಟ್ಟಬ್ಯಾಡ್ರಿ, ದೂರದಿಂದ ಹೊಡೀರಿ ಅಂದರು ಯಾರೋ, ಆಗ ಕಲ್ಲು ಬಂದವು, ಬಿಡಿಸಲು ಬಂದ ಜಗದೀಶನ ಹಣೆ ಒಡೆಯಿತು, ಅವನು ಹೆಂಡತಿಯ ಮೇಲೆ ಕವುಚಿ ಬಿದ್ದ, ಬಿದ್ದವನ ಬೆನ್ನಿಗೂ ಕಲ್ಲು, ಗದ್ದೆಮ್ಮನ ಕೈಯಲ್ಲೂ ಒಂದಿತ್ತು, ಎಸೆದಳೋ ಕೆಳಗೆ ಬಿಟ್ಟಳೋ ನೆನಪಿಲ್ಲ — ನೆನಪಿದೆ, ಎಸೆದಳು — ಗಂಡನ ತೋಳಿನ ಸಂದಿಯಿಂದ ಹನುಮಂತಮ್ಮ ನೋಡಿದಳು, ಬಾಯ್ತುಂಬ ರಕ್ತ, ಇಕಿ ಗಂಡಗ ಜ್ವರ ಅದ ಅಂತ ಒಂದು ಮಾತು ಅಂದಿದ್ದರೆ ಕೋಲು ಈ ಕಡೆ ತಿರುಗುತ್ತಿತ್ತು, ಅವಳು ಅನ್ನಲಿಲ್ಲ, ಅನ್ನಲಾಗಲಿಲ್ಲವೋ, ಅನ್ನಬಾರದು ಅಂತಲೋ, ನೋಡುತ್ತಲೇ ಇದ್ದಳು, ಗಾಡಿ ಬಂದು ಇಬ್ಬರನ್ನೂ ಒಯ್ದಿತು, ಅವರ ಬಾಗಿಲಿಗೆ ಜಾಲಿಮುಳ್ಳು ಒಟ್ಟಿದರು, ಜನ ಚದುರಿದರು, ನಳ ಮಾತ್ರ ಹರಿಯುತ್ತಿತ್ತು, ನಿಲ್ಲಿಸಲು ಗದ್ದೆಮ್ಮ ಬಗ್ಗಿದಾಗ ಕಂಡಿತು, ನೀರಿನ ಕೆಳಗೆ, ಹಾಸುಗಲ್ಲಿನ ಕುಳಿಯಲ್ಲಿ, ಒಂದು ಹಲ್ಲು — ಪಕೀರಪ್ಪ ಗೋಡೆ ಹಿಡಿದು ಬಂದು ಒಲೆಯ ಮುಂದೆ ಕೂತಿದ್ದಾನೆ, ಬಿಸಿ ರೊಟ್ಟಿ ಮುರಿಯುತ್ತಾನೆ, ಮುಂಜಾನಿ ಏನ್ ಗದ್ದಲ ಇತ್ತು ಹೊರಗ, ಏನಿಲ್ಲ, ನೀರಿಗೆ ಜಗಳ, ಯಾರ್ದು, ಯಾರ್ದೋ, ನೀ ಉಣ್ಣು, ಅವನು ಅಗಿಯುತ್ತಾನೆ, ಐದು ದಿನದ ಹಸಿವು, ಅಗಿಯುತ್ತಾನೆ, ನೀರಿನ ಕೆಳಗೆ ಹಲ್ಲು, ಬುಡದಲ್ಲಿ ಚೂರು ಕೆಂಪು, ನೀರು ಅದರ ಮೇಲೆ ಹರಿಯುತ್ತಿದೆ, ಹಲ್ಲು ಕದಲುವುದಿಲ್ಲ, ಆ ಹಲ್ಲು, ಬಿಳೀ ಹಲ್ಲು