ಕೋಟ್ ಐತಿ ನೋಡ್ರಿ

ನಾನು ಒಂದು ಕೋಟು. ಅಂದರೆ, ಕೋಟಾಗಿದ್ದೆ. ಈಗ ಏನಾಗಿದ್ದೇನೆ ಎನ್ನುವುದನ್ನು ಕೊನೆಗೆ ಹೇಳುತ್ತೇನೆ. ಬಟ್ಟೆಯಾಗಿ ಹುಟ್ಟಿದ ಮೇಲೆ ಮನುಷ್ಯರ ಮೈ ಮುಚ್ಚಬೇಕು, ಮಾನ ಕಾಯಬೇಕು. ಹರಿದ ಬನಿಯನ್ ಕೂಡ ಅಷ್ಟು ಕೆಲಸ ಮಾಡಿ ಸಾಯುತ್ತದೆ. ನಾನು ಮಾತ್ರ ವರ್ಷಗಟ್ಟಲೆ, ಮನುಷ್ಯನೇ ಇಲ್ಲದ ಒಂದು ಕುರ್ಚಿಯನ್ನು ಮುಚ್ಚಿಕೊಂಡು ಕೂತಿದ್ದೆ. ಇದನ್ನು ಹೇಳುವಾಗ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ನನ್ನನ್ನು ಹೊಲಿದವರು ಬಿಜಾಪುರದ ಬಾಬುರಾವ್ ಟೇಲರ್. ಊರನ್ನು ಆಗಿನ್ನೂ ಬಿಜಾಪುರ ಎಂದೇ ಕರೆಯುತ್ತಿದ್ದರು. ಬೂದು ಬಣ್ಣದ ಟೆರಿವುಲ್ ಬಟ್ಟೆ, ಒಳಗೆ ನುಣುಪಾದ ಕಂದು ಅಸ್ತರು. ಬಾಬುರಾವ್ ಅವರಿಗೆ ಭುಜದ ಹುಚ್ಚು. ಕೋಟಿನ ಭುಜ ಜೋತು ಬಿದ್ದರೆ ಮನುಷ್ಯನ ನಸೀಬೇ ಜೋತು ಬಿದ್ದಂತೆ ಎಂದು ನಂಬಿದವರು. ದಪ್ಪ ಹತ್ತಿಯ ಪ್ಯಾಡ್ ಇಟ್ಟು, ಒತ್ತಿ ಒತ್ತಿ ಹೊಲಿದು ನನ್ನನ್ನು ಮೊಳೆಗೆ ನೇತುಹಾಕಿ ದೂರ ನಿಂತು ನೋಡಿ, "ಹ್ಯಾಂಗ್ ಐತಿ ನೋಡ! ಒಳಗ ಯಾರೋ ಅದಾರ ಅನ್ನಬೇಕು" ಎಂದರು. ಅವರು ಅದನ್ನು ಹೊಗಳಿಕೆಯಾಗಿಯೇ ಹೇಳಿದ್ದರು.

ನನ್ನನ್ನು ಹೊಲಿಸಿದ್ದು ರುದ್ರಮುನಿ ಹಂಜಗಿಯವರ ಮದುವೆಗೆ, ಅವರ ಮಾವನವರು. ಹಂಜಗಿಯವರು ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎನ್ನುತ್ತಾರಲ್ಲ, ಹಾಗೆ ಮದುವೆಯ ಫೋಟೋದ ತನಕ ಬೆವರು ಸುರಿಸುತ್ತಲೇ ನನ್ನನ್ನು ತೊಟ್ಟಿದ್ದರು. ಆಮೇಲೆ ಟ್ರಂಕು. ಬಿಜಾಪುರದ ಬಿಸಿಲಿಗೆ ಕೋಟು ಯಾರಿಗೆ ಬೇಕು? ನಾಫ್ತಲಿನ್ ಗುಳಿಗೆಗಳ ಜೊತೆ ಹಾಗೇ ಮಲಗಿದ್ದರೆ ನಾನು ಎಷ್ಟೋ ಮರ್ಯಾದೆಯಿಂದ ಸಾಯುತ್ತಿದ್ದೆ.

ಒಂದು ದಿನ ಮೇಲಿನ ಅಧಿಕಾರಿಗಳು ಬರುತ್ತಾರೆಂದು ಹಂಜಗಿಯವರು ನನ್ನನ್ನು ತೊಟ್ಟು ಕಚೇರಿಗೆ ಹೋದರು. ಸೆಕೆ ತಡೆಯಲಾಗದೆ ತೆಗೆದು ಕುರ್ಚಿಯ ಬೆನ್ನಿಗೆ ತೊಡಿಸಿ, ಚಹಾ ಕುಡಿಯಲು ಹೊರಟರು. ಚಹಾದ ಜೊತೆ ಹರಟೆಯೂ ಸೇರಿ ಬಹಳ ತಡವಾಯಿತು. ಅಷ್ಟರಲ್ಲಿ ಕಚೇರಿಯ ಸಾಹೇಬರು ಬಂದು, "ಎಲ್ಲಿ ಹಂಜಗಿ?" ಎಂದರು. ಪಕ್ಕದ ಮೇಜಿನವರು ತಲೆ ಎತ್ತದೆ, "ಇಲ್ಲೇ ಅದಾರ್ರಿ, ಕೋಟ್ ಐತಿ ನೋಡ್ರಿ" ಎಂದುಬಿಟ್ಟರು. ಸಾಹೇಬರು ನನ್ನ ಭುಜಗಳನ್ನು ನೋಡಿ ತಲೆಯಾಡಿಸಿ ಮುಂದೆ ಹೋದರು. ಈ ಸುದ್ದಿ ಕೇಳಿದ ಮೇಲೆ ಹಂಜಗಿಯವರು ನನ್ನನ್ನು ಮನೆಗೆ ಒಯ್ಯಲೇ ಇಲ್ಲ. ಕುರ್ಚಿಯೇ ನನ್ನ ಮನೆಯಾಯಿತು.

ಹಂಜಗಿಯವರು ಸೋಮಾರಿಯಲ್ಲ. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ನನ್ನನ್ನು ಕೊಡವಿ ಸರಿಮಾಡಿ, ಒಂದು ಫೈಲು ಬಿಚ್ಚಿಟ್ಟು, ಪೆನ್ನಿನ ಮುಚ್ಚಳ ತೆಗೆದಿಟ್ಟು ಹೊರಟುಬಿಡುತ್ತಿದ್ದರು. ಎಲ್ಲಿಗೆ? ಸಾಹೇಬರ ಮನೆಗೆ. ಅಲ್ಲಿ ಗ್ಯಾಸ್ ಸಿಲಿಂಡರ್ ತರಬೇಕು, ಅವರ ಹೆಂಡತಿ ಬಾಯಿಸಾಹೇಬರನ್ನು ಸೊಲ್ಲಾಪುರದ ರೈಲಿಗೆ ಹತ್ತಿಸಬೇಕು, ಹೊಸ ಮನೆ ಕಟ್ಟುವ ಗೌಂಡಿಗಳ ತಲೆ ಮೇಲೆ ನಿಲ್ಲಬೇಕು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಹಂಜಗಿಯವರ ಕೈ ಕೆಸರಾಗುತ್ತಿದ್ದುದು ಸಾಹೇಬರ ಮನೆಯ ಸಿಮೆಂಟಿನಲ್ಲಿ. ಪಕ್ಕದ ಮೇಜಿನವರಿಗೆ ಒಮ್ಮೆ ಉಪದೇಶ ಮಾಡಿದ್ದು ನನಗೆ ನೆನಪಿದೆ: "ಕೆಲಸಾ ಮಾಡಿದ್ರ ಮತ್ತೊಂದಿಷ್ಟ ಕೆಲಸಾ ಬರ್ತೈತಿ ನೋಡಪಾ. ಮ್ಯಾಲಿನವರ ಕಣ್ಣಾಗ ಬಿದ್ರ ಪ್ರಮೋಷನ್ ಬರ್ತೈತಿ." ಅವರು ಹೇಳಿದ್ದು ಸುಳ್ಳೂ ಆಗಿರಲಿಲ್ಲ. ನಾಚಿಕೆಗೇಡಿನ ವಿಷಯ ಅದೇ.

ಮೊದಮೊದಲು ನನಗೂ ಜಂಭವಿತ್ತು. ಬಂದವರು ನನ್ನೆದುರು ದನಿ ತಗ್ಗಿಸಿ ಮಾತಾಡುತ್ತಿದ್ದರು. ತಾಳಿಕೋಟೆಯ ಕಡೆಯ ಒಬ್ಬ ಅಜ್ಜ ಕಾದು ಕಾದು, ಎದ್ದು ಹೋಗುವಾಗ ನನಗೇ ಕೈಮುಗಿದು ಹೋದ. ಅವನ ಬೆನ್ನು ನೋಡುತ್ತ, ನಾನೂ ಒಬ್ಬ ದೊಡ್ಡ ಮನುಷ್ಯ ಎಂದುಕೊಂಡೆ. ಆ ಅಜ್ಜ ಬಸ್ಸಿಗೆ ಹಣ ಹೊಂದಿಸಿ ಮತ್ತೆ ಬರಬೇಕಲ್ಲ ಎಂಬ ಯೋಚನೆ ನನ್ನ ಹತ್ತಿ ತುಂಬಿದ ತಲೆಗೆ ಹೊಳೆಯಲಿಲ್ಲ. ಕೋಟಿಗೆ ತಲೆ ಎಲ್ಲಿದೆ, ಬಿಡಿ.

ಹಂಜಗಿಯವರಿಗೆ ಒಬ್ಬಳೇ ಮಗಳು, ನೀಲಾಂಬಿಕಾ. ಮನೆಯಲ್ಲಿ ನೀಲಾ. ಅವಳು ಪಿಯುಸಿ ಮುಗಿಸಿದ ವರ್ಷ ಯುಗಾದಿಗೆ ನನ್ನನ್ನು ಒಗೆಸಲು ಮನೆಗೆ ಒಯ್ದಿದ್ದರು. ಕುರ್ಚಿಯ ಮೊಳೆಗೆ ಸಿಕ್ಕಿ ನನ್ನದೊಂದು ಗುಂಡಿ ಕಿತ್ತುಹೋಗಿತ್ತು. ನೀಲಾ ತನ್ನ ಶಾಲೆಯ ಹಳೆಯ ಸ್ವೆಟರಿನಿಂದ ಒಂದು ನೀಲಿ ಗುಂಡಿ ಬಿಚ್ಚಿ, ದಾರ ನಾಲ್ಕು ಎಳೆ ಮಾಡಿ ಹೊಲಿದಳು. ಹೊಲಿಯುತ್ತ ಅವ್ವನಿಗೆ, "ಅಪ್ಪಾ ಎಷ್ಟ ದುಡೀತಾನ ನೋಡಬೇ. ಕೋಟಿನ ಬೆನ್ನೆಲ್ಲಾ ಸವದೈತಿ" ಎಂದಳು. ನನ್ನ ಬೆನ್ನು ಸವೆದಿದ್ದು ಬೋಳು ಕುರ್ಚಿಯ ಕಟ್ಟಿಗೆಗೆ ತಿಕ್ಕಿ. ಅದು ಅವಳಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ನಾಚಿಕೆ ಎಂದರೇನೆಂದು ಮೊದಲ ಸಲ ನಾನು ಕಲಿತದ್ದು ಆ ಹುಡುಗಿಯ ಮಡಿಲಲ್ಲಿ.

ಅವಳಿಗೆ ನರ್ಸ್ ಆಗಬೇಕೆಂದು ಬಲು ಆಸೆ. ಊರಿನ ಒಂದು ನರ್ಸಿಂಗ್ ಶಾಲೆಗೆ ಅರ್ಜಿ ಹಾಕಿದ್ದಳು. ಆಯ್ಕೆಯಾದವರ ಹೆಸರುಗಳ ಪಟ್ಟಿಯನ್ನು ಯಾವತ್ತು ಹಚ್ಚುತ್ತಾರೋ ಅವತ್ತೇ ಸಂಜೆಯೊಳಗೆ ತಂದೆ ಅಥವಾ ತಾಯಿ ಜೊತೆಗೆ ಬಂದು ಸೀಟು ಹಿಡಿಯಬೇಕು, ಇಲ್ಲದಿದ್ದರೆ ಅದು ಮುಂದಿನವರಿಗೆ ಎಂಬುದು ಅಲ್ಲಿಯ ನಿಯಮ. ಅವ್ವ ತಂಗಿಯ ಬಾಣಂತನಕ್ಕೆ ಸೊಲ್ಲಾಪುರಕ್ಕೆ ಹೋಗಿದ್ದಳು. ಹಂಜಗಿಯವರು ಮಗಳಿಗೆ, "ನಾ ಎಲ್ಲಿ ಹೋಗ್ತೀನವಾ? ಆಫೀಸಿನ್ಯಾಗ ಇರ್ತೀನಿ. ಹೆಸರು ಬಂದ ಕೂಡ್ಲೆ ಬಾ, ಹೋಗೂಣು" ಎಂದು ಮಾತು ಕೊಟ್ಟಿದ್ದರು.

ಹೆಸರು ಬಂತು. ನೀಲಾ ಬಿಸಿಲಲ್ಲಿ ಓಡುತ್ತ ಕಚೇರಿಗೆ ಬಂದಳು. ಬಾಗಿಲಲ್ಲಿ ಜವಾನ ಲಾಲಸಾಬ. ಹೊಸದಾಗಿ ವರ್ಗವಾಗಿ ಬಂದವನು, ಪಾಪ, ಅವನೂ ನನ್ನನ್ನು ನಂಬಿದ್ದ.

"ನಮ್ಮಪ್ಪಾ ಅದಾರೇನ್ರಿ?"

"ಅದಾರವಾ ತಂಗಿ. ಇಲ್ಲೇ ಎಲ್ಲೋ ಎದ್ದು ಹೋಗ್ಯಾರ, ಈಗ ಬರ್ತಾರ. ಕೋಟ್ ಐತಿ ನೋಡು. ಕುಂದ್ರು."

ಅವಳು ನನ್ನೆದುರಿನ ಸ್ಟೂಲಿನ ಮೇಲೆ ಕೂತಳು. ನನ್ನನ್ನು ನೋಡಿ ಅವಳ ಮುಖ ಅರಳಿತು. ನೀಲಿ ಗುಂಡಿಯನ್ನು ಮುಟ್ಟಿ, ಗಟ್ಟಿಯಾಗಿದೆಯೇ ಎಂದು ಎಳೆದು ನೋಡಿದಳು. ಮಧ್ಯಾಹ್ನದ ಊಟದ ಹೊತ್ತಾಯಿತು. ಅವಳು ಏಳಲಿಲ್ಲ. ಎದ್ದು ಹೋದಾಗಲೇ ಅಪ್ಪ ಬಂದುಬಿಟ್ಟರೆ? ಎರಡು ಸಲ ಎದ್ದು ಬಾಗಿಲ ತನಕ ಹೋದಳು. ತಿರುಗಿ ನನ್ನನ್ನು ನೋಡಿ ಮತ್ತೆ ಬಂದು ಕೂತಳು. ಸುತ್ತಲಿನ ಗುಮಾಸ್ತರಿಗೆ ಹಂಜಗಿಯವರು ಎಲ್ಲಿದ್ದಾರೆಂದು ಗೊತ್ತಿತ್ತು. "ಏನ ಕೆಲಸ ಇತ್ತವಾ?" ಎಂದು ಒಬ್ಬರು ಕೇಳಿದರು. ಅವಳು ಸಂಕೋಚದಿಂದ "ಸ್ವಲ್ಪ ಇತ್ರಿ" ಎಂದಳು. ಹೆಚ್ಚು ಕೇಳಿದರೆ ಸಾಹೇಬರ ಮನೆಯ ಗುಟ್ಟು ಹೊರಬೀಳುತ್ತದೆ ಎಂದು ಅವರು ಫೈಲಿಗೆ ಮುಖ ಹಾಕಿದರು.

ನನಗೆ ಬಾಯಿಲ್ಲ. ತೋಳುಗಳಿದ್ದವು, ಎರಡೂ ಖಾಲಿ. ಫ್ಯಾನಿನ ಗಾಳಿಗೆ ಜಾರಿ ಕೆಳಗೆ ಬಿದ್ದರೂ ಸಾಕಿತ್ತು, ಕುರ್ಚಿ ಬೋಳೆಂದು ಅವಳಿಗೆ ಗೊತ್ತಾಗುತ್ತಿತ್ತು. ಆದರೆ ಬಾಬುರಾವ್ ಅವರ ಭುಜಗಳು! ಜಾರಲೊಲ್ಲವು. ಆ ದಿನ ನಾನು ಎಂದಿಗಿಂತ ನೆಟ್ಟಗೆ, ಎಂದಿಗಿಂತ ಚಂದ ಕೂತಿದ್ದೆ.

ಬಿಸಿಲು ಕಿಟಕಿಯಿಂದ ಇಳಿದ ಮೇಲೆ ಪಕ್ಕದ ಮೇಜಿನವರಿಗೆ ತಡೆಯಲಾಗಲಿಲ್ಲ. ಅವಳತ್ತ ನೋಡದೆ, "ತಂಗೀ, ಕಾಯಬ್ಯಾಡ. ಅಂವಾ ಸಂಜಿ ತನಕ ಬರಂಗಿಲ್ಲ" ಎಂದರು. ನೀಲಾ ಅವರನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಎದ್ದು ಓಡಿದಳು.

ಕಚೇರಿ ಮುಚ್ಚುವ ಹೊತ್ತಿಗೆ ತಿರುಗಿ ಬಂದು ಅದೇ ಸ್ಟೂಲಿನ ಮೇಲೆ ಕೂತಳು. ಅಳುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಹಂಜಗಿಯವರು ಲಗುಬಗೆಯಿಂದ ಒಳಬಂದರು. ಸಾಹೇಬರ ಹೊಸ ಮನೆಗೆ ಅವತ್ತು ಸ್ಲ್ಯಾಬ್ ಹಾಕಿದ್ದರು. ಹಂಜಗಿಯವರ ಪ್ಯಾಂಟಿನ ತುದಿಯಿಂದ ಚಪ್ಪಲಿಯ ತನಕ ಸಿಮೆಂಟಿನ ಚುಕ್ಕೆಗಳು.

"ಯಾವಾಗ ಬಂದಿ ನೀಲಾ?"

"ಸೀಟ್ ಹೋತಪಾ. ನಾ ಒಬ್ಬಾಕಿನ ಹೋದ್ರ ಅಪ್ಪಗ ಕರ್ಕೊಂಡ ಬಾ ಅಂದ್ರು, ಆಮ್ಯಾಲ ತಡ ಆತು ಅಂತ ಮುಂದಿನವರಿಗೆ ಕೊಟ್ರು."

ಹಂಜಗಿಯವರ ಮುಖ ಬಿಳಿಚಿತು. ಆಗ ಅವರು "ತಪ್ಪಾತವಾ" ಎಂದಿದ್ದರೆ ಸಾಕಿತ್ತು. ಆದರೆ ವರ್ಷಗಟ್ಟಲೆ ರೂಢಿಯಾದ ನಾಲಿಗೆ ತಾನಾಗಿ ಹೊರಳಿತು: "ನಾ ಇಲ್ಲೇ ಇದ್ನಲ್ಲ... ಮ್ಯಾಲ ಮೀಟಿಂಗ್ ಇತ್ತು. ನೋಡು, ಕೋಟ್ ಇಲ್ಲೇ ಐತಿ."

ನೀಲಾ ಅವರ ಕಾಲುಗಳನ್ನು ನೋಡಿದಳು.

"ಹೂಂ," ಎಂದಳು. "ಕೋಟ್ ಇತ್ತು."

ಅಷ್ಟೇ.

ಇಂಥ ಕಥೆಗಳಲ್ಲಿ ಸುಳ್ಳುಗಾರನಿಗೆ ಕೂಡಲೇ ಶಿಕ್ಷೆಯಾಗಬೇಕು. ಇಲ್ಲಿ ಆದದ್ದು ಪ್ರಮೋಷನ್. ದಸರೆಗೆ ಮುಂಚೆ ಹಂಜಗಿಯವರು ಸೂಪರಿಂಟೆಂಡೆಂಟ್ ಆದರು. ಕಚೇರಿಗೆಲ್ಲ ಧಾರವಾಡದ ಪೇಢಾ ಹಂಚಿದರು. ಒಂದು ಪುಟ್ಟ ಕೋಣೆ, ಅದರಲ್ಲಿ ದೊಡ್ಡ ಕುರ್ಚಿ, ಅದರ ಬೆನ್ನಿಗೆ ನಾನು. ನನ್ನ ಕಾಲರಿಗೂ ಪೇಢಾದ ಪುಡಿ ಅಂಟಿತ್ತು, ಮತ್ತು ಅದನ್ನು ಬಹಳ ದಿನ ಯಾರೂ ಕೊಡವಲಿಲ್ಲ.

ಆದರೆ ಆ ಕುರ್ಚಿಯಲ್ಲಿ ಹಂಜಗಿಯವರು ಕೂರಲೇಬೇಕಾದ ಕಾಲವೂ ಬಂತು. ಹಳೆಯ ಸಾಹೇಬರು ವರ್ಗವಾಗಿ ಹೋಗಿ, ಅವರ ಜಾಗಕ್ಕೆ ಅಧಿಕಾರಿಯಾಗಿ ಒಬ್ಬ ಅಮ್ಮನವರು ಬಂದರು. ಮೊದಲ ದಿನವೇ ಮಧ್ಯಾಹ್ನ ಹೇಳದೆ ಕೇಳದೆ ಹಾಲಿಗೆ ಬಂದು ನಿಂತರು. ಹಂಜಗಿಯವರು ಕೋಣೆಯಿಂದ ಓಡಿ ಬಂದು ನೋಡುತ್ತಾರೆ: ಒಂದು ಕುರ್ಚಿಗೆ ಸ್ವೆಟರು, ಒಂದಕ್ಕೆ ಟವಲ್ಲು, ಒಂದಕ್ಕೆ ಮಫ್ಲರು, ಇನ್ನೊಂದರ ಮೇಜಿನ ಮೇಲೆ ಬಿಚ್ಚಿಟ್ಟ ಕನ್ನಡಕ. ಎಲ್ಲ ಕುರ್ಚಿಗಳೂ ಬಟ್ಟೆ ತೊಟ್ಟಿದ್ದವು, ಒಂದು ನರಪಿಳ್ಳೆಯೂ ಇರಲಿಲ್ಲ. ಗುರುವನ್ನು ನೋಡಿ ಶಿಷ್ಯರು ಕಲಿತಿದ್ದರು. ಅಮ್ಮನವರು ಒಂದು ಫೈಲು ಎತ್ತಿ, "ಇದು ಯಾಕೆ ನಿಂತಿದೆ, ಹೇಳಿ" ಎಂದರು. ಹಂಜಗಿಯವರು ಪುಟ ತಿರುವಿದರು, ಮತ್ತೆ ತಿರುವಿದರು. ಬೇರೆಯವರು ಫೈಲು ಓದಿ ಕೆಲಸ ಕಲಿಯುತ್ತಿದ್ದ ವರ್ಷಗಳಲ್ಲಿ ಅವರ ಜಾಗದಲ್ಲಿ ಕೂತಿದ್ದವನು ನಾನು. ನನಗೂ ಓದು ಬರುತ್ತಿರಲಿಲ್ಲ.

ಆಮೇಲಿನ ವರ್ಷಗಳನ್ನು ಅವರು ತಮಗಿಂತ ಚಿಕ್ಕವರನ್ನು ಕೇಳಿ ಕೇಳಿ, ತಲೆ ತಗ್ಗಿಸಿ ಕಳೆದರು. ನಿವೃತ್ತಿಯ ದಿನ ಶಾಲು ಹೊದಿಸಿ, ಮೈಕಿನಲ್ಲಿ ಒಬ್ಬರು, "ಹಂಜಗಿಯವರು ತಮ್ಮ ಕುರ್ಚಿ ಬಿಟ್ಟು ಅಲುಗಿದವರಲ್ಲ" ಎಂದು ಹೊಗಳಿದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮುಂದಿನ ಸಾಲಿನಲ್ಲಿ ನೀಲಾ ಕೂತಿದ್ದಳು. ಹಂಜಗಿಯವರು ಅವಳತ್ತ ನೋಡಲಿಲ್ಲ, ಶಾಲಿನ ಅಂಚನ್ನು ನೋಡುತ್ತಿದ್ದರು.

ಹಾಗೆ ನಾನು ಮನೆಗೆ ಬಂದೆ. ಹಳೆಯ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವಳು ಓಣಿಗೆ ಬಂದಾಗ ಅವ್ವ ನನ್ನನ್ನು ಕೊಟ್ಟೇಬಿಟ್ಟಿದ್ದಳು, ಒಂದು ಚಹಾ ಸೋಸುವ ಜಾಲರಿಗೆ. ನೀಲಾ ಆ ಹೆಂಗಸಿಗೆ ಜಾಲರಿ ಮರಳಿಸಿ ನನ್ನನ್ನು ಬಿಡಿಸಿಕೊಂಡಳು. ಆಮೇಲೆ ಕತ್ತರಿ ಹಿಡಿದು ಕೂತು, ಮೊಟ್ಟಮೊದಲಿಗೆ ನನ್ನ ಭುಜದ ಹತ್ತಿಯನ್ನು ಕಿತ್ತಳು. ನೋವಾಗಲಿಲ್ಲ. ಹಗುರವೆನಿಸಿತು. ಆ ಹತ್ತಿಯನ್ನೇ ಒಳಗೆ ಹರಡಿ, ನನ್ನ ಬೆನ್ನು ಎದೆ ಮಡಿಚಿ, ಕೌದಿ ಹೊಲಿದಂತೆ ಸಾಲು ಸಾಲು ಹೊಲಿಗೆ ಹಾಕಿ, ಒಂದು ಚೌಕದ ಗಾದಿ ಮಾಡಿದಳು. ಕುರ್ಚಿಯ ಮೇಲೆ ಹಾಕುವ ಗಾದಿ. ಜಾರದಂತೆ ಕಟ್ಟಲು ಅಡಿಯಲ್ಲಿ ಪಟ್ಟಿ, ಪಟ್ಟಿಗೆ ಅದೇ ನೀಲಿ ಗುಂಡಿ.

ನೀಲಾ ನರ್ಸ್ ಆಗಲಿಲ್ಲ. ಒಂದು ಆಸ್ಪತ್ರೆಯಲ್ಲಿ ರೋಗಿಗಳಿಗೆ ಚೀಟಿ ಬರೆದುಕೊಡುವ ಕೌಂಟರಿಗೆ ಸೇರಿ, ಈಗ ಆ ಕೌಂಟರುಗಳಿಗೆಲ್ಲ ಮೇಲ್ವಿಚಾರಕಿ. ಅವಳದೊಂದು ರೂಢಿ ಇದೆ, ಜೊತೆಯವರು ಅದನ್ನು ಆಡಿಕೊಂಡು ನಗುತ್ತಾರೆ. ಜಾಗ ಬಿಟ್ಟು ಎದ್ದರೆ ಬ್ಯಾಗು, ಛತ್ರಿ, ನೀರಿನ ಬಾಟ್ಲಿ, ಪೆನ್ನು ಎಲ್ಲ ಹೊತ್ತುಕೊಂಡೇ ಹೋಗುತ್ತಾಳೆ. "ಏನ್ರಿ ಮೇಡಂ, ಮನಿ ಖಾಲಿ ಮಾಡಾಕತ್ತೀರೇನು?" ಎಂದರೆ, "ನಾ ಇಲ್ಲ ಅನ್ನೂದು ಮಂದಿಗೆ ಕಾಣಬೇಕು" ಎನ್ನುತ್ತಾಳೆ. ಎದುರಿಗೆ ಕೂತವರಿಗೆ ಎಲ್ಲಿಗೆ ಹೋಗುತ್ತೇನೆ, ಯಾವಾಗ ಬರುತ್ತೇನೆ ಎಂದು ಹೇಳಿಯೇ ಹೋಗುತ್ತಾಳೆ. ನನ್ನನ್ನು ಅವಳು ಕಟ್ಟಿದ್ದು ತನ್ನ ಕುರ್ಚಿಗಲ್ಲ, ಎದುರಿಗೆ ಕಾಯುವವರು ಕೂರುವ ಕುರ್ಚಿಗೆ. ಕಾಯುವವರ ಭಾರ ಎಷ್ಟಿರುತ್ತದೆ ಎಂದು ನಾನು ತಿಳಿದದ್ದು ಇಲ್ಲಿ.

ಮೊನ್ನೆ ಹಂಜಗಿಯವರು ಕಣ್ಣು ತೋರಿಸಲು ಬಂದಿದ್ದರು. ಕೋಲೂರಿ ಬಂದು ನನ್ನ ಮೇಲೆ ಕೂತರು. ಕೂತವರ ಕೈ ಸುಮ್ಮನೆ ಕುರ್ಚಿಯ ಅಡಿಗೆ ಹೋಯಿತು, ಗುಂಡಿಗೆ ತಾಗಿತು. ಬೆರಳು ಅಲ್ಲೇ ನಿಂತಿತು. ಏಳಬೇಕೆಂದವರಂತೆ ಕೋಲು ಹಿಡಿದರು, ಆದರೆ ಏಳಲಿಲ್ಲ.

"ಅಪ್ಪಾ, ಡಾಕ್ಟರ್ ಕಡೆ ಹೋಗಿ ನಿನ್ನ ಪಾಳಿ ಕೇಳಿ ಬರ್ತೀನಿ. ಹತ್ತ ಮಿನಿಟ್," ಎಂದು ನೀಲಾ ಬ್ಯಾಗು, ಛತ್ರಿ, ಬಾಟ್ಲಿ ಎತ್ತಿಕೊಂಡು ಹೋದಳು. ಅವಳ ಕುರ್ಚಿ ಬೋಳಾಗಿ ನಿಂತಿತು. ಹಂಜಗಿಯವರು ಅದನ್ನೇ ನೋಡುತ್ತಿದ್ದರು.

ಕೂಸನ್ನು ಎತ್ತಿಕೊಂಡ ಒಬ್ಬ ಹೆಣ್ಣುಮಗಳು ಗಾಬರಿಯಿಂದ ಬಂದು ಕೇಳಿದಳು: "ಯಜ್ಜಾ, ಇಲ್ಲಿ ಮೇಡಂ ಅದಾರೇನ್ರಿ?"

ಅವರ ತುಟಿ ಅಲುಗಿತು. "ಇಲ್ಲೇ..." ಎಂದು ಶುರುಮಾಡಿ, ಮತ್ತೊಮ್ಮೆ ಆ ಬೋಳು ಕುರ್ಚಿಯತ್ತ ನೋಡಿದರು. ನನ್ನ ಹೊಲಿಗೆಗಳೆಲ್ಲ ಬಿಗಿದುಕೊಂಡವು.

"ಇಲ್ಲವಾ," ಎಂದರು ಹಂಜಗಿಯವರು. "ಆಕಿ ಇಲ್ಲ. ಡಾಕ್ಟರ್ ಕಡೆ ಹೋಗ್ಯಾಳ, ಹತ್ತ ಮಿನಿಟಿಗೆ ಬರ್ತಾಳ." ಆಮೇಲೆ ಕೋಲೂರಿ ಎದ್ದು, "ನೀ ಕುಂದ್ರು. ಕೂಸಿನ ಎತ್ಕೊಂಡ ನಿಂದರಬ್ಯಾಡ" ಎಂದು ಅವಳಿಗೆ ಜಾಗ ಬಿಟ್ಟುಕೊಟ್ಟರು.

ಆ ತಾಯಿ ಕೂತಳು. ಹೇಳಿದ ಹತ್ತು ನಿಮಿಷ ಇನ್ನೂ ಆಗಿರಲಿಲ್ಲ, ಅಷ್ಟರಲ್ಲಿ ನೀಲಾ ಬಂದಳು.