ಒಲೆ ಆರಿದ್ದಾಗ ಕೂಗಿದ್ದು

ಚಿತ್ತಾಪುರದ ಕೋರ್ಟಿನಲ್ಲಿ ಟೈಪಿಸ್ಟ್ ಆಗಿರುವ ಸಂಘಮಿತ್ರಾ ಅಡುಗೆಮನೆಗೆ ಶಾಖದ ಅಲಾರಾಂ ತಂದು ಹಾಕಿದ್ದು ತಾಯಿ ಸುಂದರಮ್ಮನ ದೆಸೆಯಿಂದ. ದೀಪಾವಳಿಯಲ್ಲಿ ಎಣ್ಣೆಯ ಬಾಣಲೆ ಒಲೆಯ ಮೇಲಿಟ್ಟು ಬಾಗಿಲಲ್ಲಿ ಮಾತಿಗೆ ನಿಂತ ಸುಂದರಮ್ಮ, ಕಿಟಕಿಯ ಪರದೆ ಸುಟ್ಟುಕೊಂಡಿದ್ದಳು.

ಛಾವಣಿಯ ತಗಡಿನ ಕೆಳಗಿನ ಮರದ ತೊಲೆಗೆ ಆ ಬಿಳಿ ಡಬ್ಬಿ ಕೂತ ದಿನದಿಂದ ಸುಂದರಮ್ಮನಿಗೆ ಅದೇ ಧ್ಯಾನ. ಮೆಣಸಿನಕಾಯಿ ಹುರಿದು ಮನೆಯೆಲ್ಲ ಕೆಮ್ಮುವಂತೆ ಮಾಡಿದಳು. ಅದು ಸುಮ್ಮನೇ ಇತ್ತು.

"ಇದಕ್ಕ ಹೊಗಿ ಕಾಣಂಗಿಲ್ಲೇನು?"

"ಹೊಗಿಗಿ ಅಲ್ಲವ್ವ, ಬಿಸಿ ಏರಿದ್ರ ಒದರ್ತದ. ಹೊಗಿದು ತಂದಿದ್ರ ನೀ ಒಗ್ಗರಣಿ ಕೊಟ್ಟಾಗೊಮ್ಮೆ ಒದರ್ತಿತ್ತು."

ಭಾನುವಾರಕ್ಕೊಮ್ಮೆ ಸ್ಟೂಲು ಹತ್ತಿ, ಒಣ ಬ್ರಶ್ಶಿನಿಂದ ಧೂಳು ಜಾಡಿಸಿ, ಗುಂಡಿ ಒತ್ತಿ ಕೂಗಿಸಿ ನೋಡುವ ಕೆಲಸವನ್ನು ಸುಂದರಮ್ಮನೇ ವಹಿಸಿಕೊಂಡಳು.

ಜನವರಿಯ ಒಂದು ಮಂಗಳವಾರ ಸಂಜೆ ನಾಲ್ಕಕ್ಕೆ ಅದು ತಾನಾಗಿಯೇ ಕೂಗಿತು. ಒಲೆ ಹೊತ್ತಿರಲಿಲ್ಲ. ಬುಧವಾರವೂ ಅದೇ ಹೊತ್ತಿಗೆ ಕೂಗಿತು. ರಾತ್ರಿ ಸಂಘಮಿತ್ರಾ ಬ್ಯಾಟರಿ ಬದಲಿಸಿದಳು. ಗುರುವಾರ ಮತ್ತೆ ನಾಲ್ಕಕ್ಕೇ.

"ಕೆಟ್ಟದವ್ವ. ನಾಳಿ ವಾಪಸ್ ಕೊಟ್ಟು ಬರ್ತೀನಿ."

"ತಡಿ. ಕೆಟ್ಟಿದ್ರ ದಿನಾ ನಾಕಕ್ಕೇ ಯಾಕ ಒದರಬೇಕು?"

ಬಿಸಿಲಿಗೆ ಇರಬಹುದೇ ಎಂದುಕೊಂಡರೆ, ಚಳಿಗಾಲದ ಮೋಡ ಕವಿದ ದಿನಗಳು, ತಗಡು ತಣ್ಣಗಿತ್ತು. ಶುಕ್ರವಾರ ಸುಂದರಮ್ಮ ಮೂರೂವರೆಗೇ ಸ್ಟೂಲು ಹತ್ತಿ ನಿಂತಳು. ಅಂಗೈಯನ್ನು ತೊಲೆಯ ಉದ್ದಕ್ಕೂ ಆಡಿಸಿದಳು. ಗೋಡೆಯ ಮೂಲೆಗೆ ಬಂದಾಗ ಯಾರೋ ಊದಿದಂತೆ ಬಿಸಿ ಗಾಳಿ ಬಡಿಯಿತು. ಆ ಗೋಡೆಯಾಚೆ ಶೈಸ್ತಾಳ ಬೇಕರಿ. ಸಂಜೆಯ ಪಾವು ಬ್ರೆಡ್ಡಿಗಾಗಿ ಅವಳು ಭಟ್ಟಿ ಹೊತ್ತಿಸುವುದು ಮೂರು ಗಂಟೆಗೆ. ಅದರ ಹೊಗೆಯ ವಾಸನೆ ದಿನವೂ ಇದ್ದದ್ದೇ ಎಂದು ಯಾರೂ ಲಕ್ಷ್ಯ ಕೊಟ್ಟಿರಲಿಲ್ಲ.

ಸುಂದರಮ್ಮ ಸೆರಗು ಸಿಕ್ಕಿಸಿಕೊಂಡು ನಡೆದಳು.

"ಶೈಸ್ತಾ, ನಿನ್ನ ಭಟ್ಟಿ ಬಿಸಿ ನಮ್ಮ ಮನ್ಯಾಗ ಬರ್ಲಿಕತ್ತದ."

"ಹ್ಯಾಂಗ್ ಬರ್ತದಕ್ಕಾ? ಪೈಪ್ ಮ್ಯಾಲ ಹೋಗ್ಯದಲ್ಲ. ಹನ್ನೆರಡ್ ವರ್ಷ ಆತು."

"ಬಾ, ಕೈ ಹಿಡದ ನೋಡು."

ಶೈಸ್ತಾ ಬಂದು ಸ್ಟೂಲು ಹತ್ತಿ ಆ ಮೂಲೆಗೆ ಕೈ ಹಿಡಿದಳು. ಇಬ್ಬರೂ ಬೇಕರಿಯ ಹಿಂದೆ ಹೋಗಿ ನೋಡಿದರು. ಸೋಮವಾರ ಮಂಗಗಳ ಹಿಂಡು ಬೇಕರಿಯ ಮಾಳಿಗೆಯ ಮೇಲೆ ಜಿಗಿದಾಡಿದ್ದು ಇಬ್ಬರಿಗೂ ನೆನಪಿತ್ತು. ಹೊಗೆಯ ಪೈಪಿನ ಜೋಡಣೆ ಕಳಚಿ, ಬಾಯಿ ಸೀದಾ ಸುಂದರಮ್ಮನ ತಗಡಿನ ಸಂದಿಗೆ ತಿರುಗಿತ್ತು. ತೊಲೆಯ ತುದಿ ಕಪ್ಪಾಗಿತ್ತು. ಸುಂದರಮ್ಮ ಕೋಲಿನಿಂದ ಕೆದಕಿದರೆ ಹೆಬ್ಬೆರಳಿನಷ್ಟು ಇದ್ದಿಲು ಉದುರಿತು.

"ಇನ್ನ ನಾಕ್ ದಿನ ಬಿಟ್ಟಿದ್ರ..." ಎಂದ ಶೈಸ್ತಾ ಮಾತು ಮುಗಿಸದೆ ಒಳಗೆ ಓಡಿ ಭಟ್ಟಿಗೆ ನೀರು ಹಾಕಿದಳು. ಅರ್ಧ ಬೆಂದ ಪಾವು ಹಾಗೇ ಉಳಿಯಿತು.

ಕೋರ್ಟಿನಿಂದ ಬಂದ ಸಂಘಮಿತ್ರಾ ಇದ್ದಿಲಿನ ಚೂರನ್ನು ಅಂಗೈಯಲ್ಲಿಟ್ಟುಕೊಂಡು ಹೊರಳಿಸಿ ನೋಡಿದಳು.

"ನಾ ಅದನ್ನ ಕಳಚಿ ಕೊಟ್ಟ ಬರ್ತಿದ್ದೆವ್ವ."

"ನೀ ಕೋರ್ಟಿನ್ಯಾಗಿರ್ತಿ, ನಿನಗ್ಹ್ಯಾಂಗ್ ಗೊತ್ತಾಗಬೇಕು. ನಾ ಮನ್ಯಾಗೇ ಇರ್ತೀನಿ, ಕೇಳಿದೆ" ಎಂದಳು ಸುಂದರಮ್ಮ.

ತಗಡಿನ ಕೆಲಸದ ಬೀರೇಶ ಮರುದಿನ ಪೈಪನ್ನು ಎರಡು ಮೊಳ ಎತ್ತರಿಸಿ ಕಬ್ಬಿಣದ ಪಟ್ಟಿ ಬಿಗಿದ. ಸುಟ್ಟ ತೊಲೆಯನ್ನು ಶೈಸ್ತಾಳೇ ಮುಂದೆ ನಿಂತು ಬದಲಿಸಿಕೊಟ್ಟಳು. ಎರಡು ದಿನ ಆ ಓಣಿಗೆ ಪಾವು ಸಿಗಲಿಲ್ಲ. ಕೇಳಲು ಬಂದವರನ್ನೆಲ್ಲ ಶೈಸ್ತಾ ಒಳಗೆ ಕರೆದು, ಪೈಪು ಎಲ್ಲಿ ಕಳಚಿತ್ತು, ಬಿಸಿ ಎತ್ತ ಹೋಗುತ್ತಿತ್ತು ಎಂದು ಕೈ ಮಾಡಿ ತೋರಿಸುತ್ತಿದ್ದಳು.