ಆ ಊರಲ್ಲಿ ಬದುಕಿದ್ದ ಹೆಂಡತಿ

ಸರ್ಕಾರಿ ಪ್ರೌಢಶಾಲೆಯ ಆ ಇಂಗ್ಲಿಷ್ ಮೇಷ್ಟ್ರಿಗೆ ಮಕ್ಕಳು ಇಟ್ಟ ಹೆಸರು ‘ಫುಲ್‌ಸ್ಟಾಪ್’. ವಾಕ್ಯದ ಕೊನೆಗೆ ಚುಕ್ಕೆ ಇಡಲು ಮರೆತರೆ ಇಡೀ ಉತ್ತರಕ್ಕೇ ಸೊನ್ನೆ ಸುತ್ತುವ ಮನುಷ್ಯ. ಇಪ್ಪತ್ನಾಲ್ಕು ವರ್ಷ ಇಂಗ್ಲಿಷ್ ಕಲಿಸಿದ್ದರೂ, ಹುಟ್ಟಿನಿಂದ ಆ ಭಾಷೆ ಆಡುವ ಒಬ್ಬರ ಜೊತೆಗೂ ಅವರು ಒಂದು ಮಾತು ಆಡಿದ್ದಿಲ್ಲ. ಅದು ಅವರಿಗೆ ಒಳಗೊಳಗೇ ನಾಚಿಕೆ. ಹೆಂಡತಿಗೆ ಮಾತ್ರ ಗೊತ್ತಿತ್ತು.

ಹೆಂಡತಿ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಗಟ್ಟಿಗಿತ್ತಿ. ಸರ್ಕಾರ ತನ್ನ ಖರ್ಚಿನಲ್ಲೇ ವರ್ಷಕ್ಕೆ ನಲವತ್ತು ಇಂಗ್ಲಿಷ್ ಶಿಕ್ಷಕರನ್ನು ಹತ್ತು ವಾರದ ತರಬೇತಿಗೆ ವಿದೇಶಕ್ಕೆ ಕಳಿಸುತ್ತದೆ ಎಂಬ ಸುತ್ತೋಲೆ ಬಂದಾಗ ಮೇಷ್ಟ್ರು ಅದನ್ನು ಮಡಿಚಿ ವ್ಯಾಕರಣದ ಪುಸ್ತಕದೊಳಗೆ ಸೇರಿಸಿಬಿಟ್ಟಿದ್ದರು. ಹೊರಗೆಳೆದು ಅರ್ಜಿ ತುಂಬಿಸಿದವಳು ಅವಳು.

“ನನ್ನನ್ನ ಯಾರೇ ಆರಿಸ್ತಾರೆ?”

“ಸುಮ್ನೆ ಸಹಿ ಹಾಕ್ರೀ. ಇಂಜೆಕ್ಷನ್ ನೋಡಿದ ಮಕ್ಕಳ ಥರ ಆಡ್ಬೇಡಿ.”

ಮೂರನೇ ವರ್ಷ ಮೇಷ್ಟ್ರ ಹೆಸರು ಪಟ್ಟಿಗೆ ಬಂತು. ಅವಳು ಇಡೀ ವಾರ್ಡಿಗೆ ಸಿಹಿ ಹಂಚಿದಳು. ಅದಾಗಿ ತಿಂಗಳು ಕಳೆದಿರಲಿಲ್ಲ, ಅನುದಾನ ಬಿಡುಗಡೆಯಾಗದ ಕಾರಣ ಯೋಜನೆಯನ್ನು ತಡೆಹಿಡಿಯಲಾಗಿದೆ ಎಂದು ಇಲಾಖೆಯಿಂದ ಎರಡು ಸಾಲಿನ ಕಾಗದ ಬಂತು. ಮೇಷ್ಟ್ರು ಕೈಬಿಟ್ಟರು. ಅವಳು ಬಿಡಲಿಲ್ಲ. ಬಿಡುವಾದಾಗೆಲ್ಲ ಯೂನಿಫಾರ್ಮಿನಲ್ಲೇ ಇಲಾಖೆಯ ಕಚೇರಿಯ ಮೂರು ಮಹಡಿ ಹತ್ತಿ ಗುಮಾಸ್ತನ ಮುಂದೆ ನಿಲ್ಲುವಳು.

“ಫೈಲು ಹಣಕಾಸು ಇಲಾಖೇಲಿದೆ, ಸಿಸ್ಟರ್.”

“ಹೋದ ತಿಂಗಳೂ ಅಲ್ಲೇ ಇತ್ತಲ್ಲ. ಯಾಕೆ, ಅದರ ಕಾಲು ಮುರಿದಿದೆಯಾ? ಹೇಳಿ, ಕಟ್ಟು ಹಾಕ್ತೀನಿ.”

ಹೀಗೆ ಎರಡು ವರ್ಷ ನಡೆಯಿತು. ಎಷ್ಟೋ ಜನರ ಹೊಟ್ಟೆನೋವಿಗೆ ಓಡಾಡಿದವಳು ತನ್ನ ಹೊಟ್ಟೆನೋವನ್ನು ಗ್ಯಾಸು ಎಂದು ತಳ್ಳಿಹಾಕಿದ್ದಳು. ಪರೀಕ್ಷೆ ಮಾಡಿಸುವ ಹೊತ್ತಿಗೆ ಕೈಮೀರಿತ್ತು. ತಾನು ಕೆಲಸ ಮಾಡಿದ ವಾರ್ಡಿನಲ್ಲೇ, ತಾನು ಕೆಲಸ ಕಲಿಸಿದ ಹುಡುಗಿಯರ ಕೈಯಲ್ಲೇ ಡ್ರಿಪ್ ಹಾಕಿಸಿಕೊಂಡು, ನಾಲ್ಕೇ ತಿಂಗಳಲ್ಲಿ ಹೋಗಿಬಿಟ್ಟಳು.

ಅನುದಾನ ಬಿಡುಗಡೆಯಾದ ಕಾಗದ ಬಂದದ್ದು ಎಂಟು ತಿಂಗಳ ಮೇಲೆ. ಹಳೆಯ ಪಟ್ಟಿಯಲ್ಲಿದ್ದವರನ್ನೇ ಕಳಿಸುವುದೆಂದು ತೀರ್ಮಾನವಾಗಿತ್ತು. ಐವತ್ತು ತುಂಬಿದವರಿಗೆ ಅವಕಾಶವಿಲ್ಲ. ಮೇಷ್ಟ್ರಿಗೆ ಐವತ್ತಾಗಲು ಐದು ತಿಂಗಳು ಉಳಿದಿತ್ತು. ಅವರು ಹೆಡ್‌ಮಾಸ್ಟರ ಮೇಜಿನ ಮೇಲೆ ಕಾಗದ ಇಟ್ಟು, “ನನಗೆ ಬೇಡ ಸರ್, ಬೇರೆಯವರನ್ನ ಕಳಿಸಿ” ಎಂದು ಹೊರಟುಬಂದರು.

ವಿಷಯ ತಿಳಿದ ಮಗಳು ಕಾಲೇಜಿನ ಲ್ಯಾಬ್ ಕೋಟನ್ನೂ ಬಿಚ್ಚದೆ ಅಪ್ಪನ ಎದುರು ಕೂತಳು. “ಹೋಗಿ ಬಂದು ಯಾರಿಗೆ ಹೇಳ್ಲಿ?” ಎಂದರು ಮೇಷ್ಟ್ರು.

“ನನಗೆ ಹೇಳು. ಅಮ್ಮ ಆ ಮೆಟ್ಟಿಲು ಹತ್ತಿ ಇಳಿದಿದ್ದು ನೀನು ಬೇಡ ಅನ್ನಲಿ ಅಂತಾನಾ ಅಪ್ಪ?”

ಮೇಷ್ಟ್ರು ಹೊರಟರು.

ನಲವತ್ತು ಜನರನ್ನು ಬೇರೆ ಬೇರೆ ಊರುಗಳಿಗೆ ಹಂಚಿದ್ದರು. ಮೇಷ್ಟ್ರ ತರಗತಿಯಲ್ಲಿ ಹದಿನಾರು ಮಂದಿ, ಹಲವು ದೇಶದವರು. ಇವರ ಭಾಷೆಯವರು ಯಾರೂ ಇರಲಿಲ್ಲ. ಪಾಠ ಮಾಡುತ್ತಿದ್ದವರು ಅರವತ್ತು ದಾಟಿದ, ಬಿಳಿಗೂದಲಿನ ಟೀಚರಮ್ಮ. ಮೊದಲ ದಿನ ಆಕೆ, ಪಕ್ಕದವರಿಗೆ ನಿಮ್ಮ ಮನೆಯವರ ಬಗ್ಗೆ ಹೇಳಿ, ಅದನ್ನು ಅವರು ಎದ್ದು ನಿಂತು ಎಲ್ಲರಿಗೂ ತಿಳಿಸಲಿ ಎಂದರು.

ನನ್ನ ಹೆಂಡತಿ ನರ್ಸ್. ಕನ್ನಡದಲ್ಲಿ ಅಷ್ಟು ಸಾಕು. ಇದ್ದಾಳೋ, ಇದ್ದಳೋ ಎಂದು ಆ ವಾಕ್ಯ ಕೇಳುವುದೇ ಇಲ್ಲ. ಇಂಗ್ಲಿಷ್ ಬಿಡಲಿಲ್ಲ; ನಡುವೆ ‘ಈಸ್’ ಅನ್ನಬೇಕು, ಇಲ್ಲವೇ ‘ವಾಸ್’ ಅನ್ನಬೇಕು. ಸಾವಿರಾರು ಪುಸ್ತಕಗಳಲ್ಲಿ ಆ ತಪ್ಪನ್ನು ಕೆಂಪುಶಾಯಿಯಲ್ಲಿ ತಿದ್ದಿದ ಮೇಷ್ಟ್ರ ಬಾಯಿಂದ ಹೊರಟದ್ದು ‘ಈಸ್’. ಇಲ್ಲಿಗೆ ಕಳಿಸಿದ್ದೂ ಅವಳೇ ಎಂದರು. ತಿದ್ದಿಕೊಳ್ಳಲು ನಾಲಿಗೆ ತಡವರಿಸುವಷ್ಟರಲ್ಲಿ ಪಕ್ಕದ ಯುವ ಶಿಕ್ಷಕ ಎದ್ದು ಘೋಷಿಸಿಬಿಟ್ಟಿದ್ದ: “ಇವರ ಹೆಂಡತಿ ನರ್ಸ್. ಇವರನ್ನ ಇಲ್ಲಿಗೆ ಕಳಿಸಿದ್ದೇ ಅವರು. ಈಗ ಮನೆಯಲ್ಲಿ ಕಾಯ್ತಿದ್ದಾರೆ.” ಎಲ್ಲರೂ ಚಪ್ಪಾಳೆ ತಟ್ಟಿದರು.

ಮಾರನೆಯ ದಿನ ಹೇಳೋಣ ಅಂದುಕೊಂಡರು. ಮಾರನೆಯ ದಿನ ಟೀಚರಮ್ಮ, “ನನ್ನ ತಾಯೀನೂ ನರ್ಸು. ನಿಮ್ಮವರು ಹೇಗಿದ್ದಾರೆ?” ಎಂದು ಕೇಳಿದರು. “ಚೆನ್ನಾಗಿದ್ದಾಳೆ” ಎಂದರು ಮೇಷ್ಟ್ರು. ಹಾಗೆ ಅಂದಾಗ ಎದೆ ಹಗುರಾಯಿತು. ಅದೇ ಹೆದರಿಕೆಯನ್ನೂ ಹುಟ್ಟಿಸಿತು.

ಆಮೇಲೆ ಅವರಿಗೆ ತಡೆಯಲಾಗಲಿಲ್ಲ. ಟೀಚರಮ್ಮ ದಿನಾ ಬೆಳಿಗ್ಗೆ ವಿಚಾರಿಸುವರು, ಇವರು ದಿನಾ ಒಂದೊಂದು ಸುದ್ದಿ ಹೇಳುವರು. ಒದ್ದೆ ಕಾಲುಚೀಲ ಹಾಕಿಕೊಂಡೆನೆಂದು ಬೈದಳು. ಹೊಸ ಡಾಕ್ಟರ ಜೊತೆ ಜಗಳ ಮಾಡಿಕೊಂಡಿದ್ದಾಳೆ. ಭಾನುವಾರ ಮಗಳ ಫೋನ್ ಬಂದಾಗ ಒಂದೇ ರೂಮಿನಲ್ಲಿದ್ದ ಆ ಯುವಕ, ಹೆಂಡತಿಯೇ ಮಾತಾಡುತ್ತಿದ್ದಾಳೆಂದು ತಿಳಿದು, ಅಲ್ಲಿಂದಲೇ ಕೂಗಿ ನಮಸ್ಕಾರ ತಿಳಿಸುತ್ತಿದ್ದ.

“ಯಾರಪ್ಪ ಅದು? ಏನಂತೆ?”

“ಏನಿಲ್ಲ ಮಗಳೇ. ನಿನಗೆ ನಮಸ್ಕಾರ ಅಂತೆ.”

ಕೊನೆಯ ದಿನ ತರಗತಿ ಖಾಲಿಯಾದ ಮೇಲೆ ಟೀಚರಮ್ಮ ಮೇಷ್ಟ್ರನ್ನು ನಿಲ್ಲಿಸಿಕೊಂಡು ಚಿಕ್ಕದೊಂದು ಪೆಟ್ಟಿಗೆ ತೆರೆದರು. ಒಳಗೆ ನರ್ಸ್‌ಗಳು ಎದೆಯ ಮೇಲೆ ಪಿನ್ನು ಹಾಕಿ ತೂಗುಬಿಡುವ ಬೆಳ್ಳಿ ಗಡಿಯಾರ.

“ಅಮ್ಮನದು. ನನಗೆ ಮಕ್ಕಳಿಲ್ಲ. ನಿಮ್ಮ ಹೆಂಡತಿಗೆ ಕೊಡಿ. ಅವರು ಇದನ್ನ ಹಾಕ್ಕೊಂಡು ಕೆಲಸಕ್ಕೆ ಹೋಗ್ಬೇಕು.”

ಮೇಷ್ಟ್ರ ಕೈ ಮುಂದೆ ಹೋಗಲಿಲ್ಲ. “ಅವಳಿಲ್ಲ ಮೇಡಂ. ತೀರಿಹೋಗಿ ವರ್ಷ ಆಗ್ತಾ ಬಂತು. ಮೊದಲ ದಿನ ಬಾಯಿತಪ್ಪಿ ಬಂತು. ಆಮೇಲೆ ಬಿಡೋಕೆ ಮನಸ್ಸಾಗ್ಲಿಲ್ಲ.”

ಟೀಚರಮ್ಮ ಬೆನ್ನು ತಿರುಗಿಸಿ ಡಸ್ಟರ್ ಎತ್ತಿಕೊಂಡರು. ಬೋರ್ಡಿನ ಮೇಲಿದ್ದುದನ್ನೆಲ್ಲ ಒರೆಸಿದರು. ಪೆಟ್ಟಿಗೆಯ ಮುಚ್ಚಳ ಮುಚ್ಚಿದರು.

“ನಿಮ್ಮ ದುಃಖ ನನಗೆ ಅರ್ಥ ಆಗುತ್ತೆ. ಆದರೆ ಹತ್ತು ವಾರ ನಾನು ದಿನಾ ಆಕೆಯನ್ನ ನೆನೆಸ್ಕೊಂಡಿದ್ದೀನಿ. ನನಗೀಗ ಆಕೆ ಇವತ್ತು ಸತ್ತ ಹಾಗಾಯ್ತು.”

ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡು ಹೊರಟರು. ಸಂಜೆಯ ಬೀಳ್ಕೊಡುಗೆಗೆ ಆಕೆ ಬರಲಿಲ್ಲ.

ಊರಿಗೆ ಬಂದ ಮೇಷ್ಟ್ರು ಬಟ್ಟೆಯ ಪೆಟ್ಟಿಗೆಯನ್ನು ಬಾಗಿಲಲ್ಲೇ ಇಟ್ಟು ಮಗಳ ಮುಂದೆ ಎಲ್ಲವನ್ನೂ ಹೇಳಿದರು. ಬೈಯುತ್ತಾಳೆ ಅಂದುಕೊಂಡಿದ್ದರು. ಅವಳು ಟೀ ಲೋಟ ಕೈಯಲ್ಲಿ ಹಿಡಿದೇ ಕೂತಿದ್ದಳು.

“ಅಲ್ಲಿ ಅಮ್ಮ ಏನೇನ್ ಹೇಳಿದ್ಲು?”

ಮೇಷ್ಟ್ರು ತಡೆದು ತಡೆದು ಹೇಳಿದರು. ಕಾಲುಚೀಲದ ಬೈಗುಳ ಕೇಳಿ ಮಗಳು ನಕ್ಕಳು. ಡಾಕ್ಟರ ಜಗಳಕ್ಕೆ, “ಅಮ್ಮನೇ ಸರಿ” ಅಂದಳು.

“ಒಂದು ದಿನ, ನೀವಿಲ್ದೆ ಬೇಜಾರು, ಬೇಗ ಬನ್ನಿ ಅಂದ್ಲು ಅಂತ ಹೇಳ್ದೆ.”

ಮಗಳು ತಲೆ ಅಲ್ಲಾಡಿಸಿದಳು. “ಅದನ್ನ ಅಮ್ಮ ಹೇಳ್ತಿರ್ಲಿಲ್ಲ ಅಪ್ಪ.”

“ಹೌದು. ಹೇಳ್ತಿರ್ಲಿಲ್ಲ.”

“ಯಾವತ್ತೂ ಹೇಳ್ಲಿಲ್ಲ.”

“ಒಂದ್ಸಲಾನೂ ಇಲ್ಲ.”

ಆಸ್ಪತ್ರೆಯಿಂದ ಅಮ್ಮನನ್ನು ಮನೆಗೆ ತಂದ ದಿನವೂ ಕಣ್ಣೀರು ಹಾಕದೆ ಬಂದವರನ್ನು ವಿಚಾರಿಸಿಕೊಂಡಿದ್ದ ಹುಡುಗಿ ಅವಳು. ಈಗ ಲೋಟ ಕೆಳಗಿಟ್ಟು, ಅಪ್ಪನ ಭುಜಕ್ಕೆ ಹಣೆ ಒತ್ತಿ, ಬಿಕ್ಕಿ ಬಿಕ್ಕಿ ಅತ್ತಳು. ಸ್ವಲ್ಪ ಹೊತ್ತಾದ ಮೇಲೆ ಅವಳು ಮುಖ ಎತ್ತದೆಯೇ ಕೇಳಿದಳು: “ನನ್ನ ಬಗ್ಗೆ ಏನಾದ್ರೂ ಹೇಳಿದ್ಲಾ?”

“ದಿನಾ ಹೇಳ್ತಿದ್ಲು,” ಎಂದರು ಮೇಷ್ಟ್ರು.